ಜಾಲಿಮುಳ್ಳಿನ ಸೀಮೆಯಲ್ಲಿ ಪಂಕ್ಚರ್: ದಾರಿಯಲ್ಲೇ ಸರಿಪಡಿಸಿಕೊಳ್ಳುವ ಬಗೆ

ನಾನು ಕುಷ್ಟಗಿ ತಾಲ್ಲೂಕಿನಲ್ಲಿ ಪಶುವೈದ್ಯಕೀಯ ಪರೀಕ್ಷಕ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸುತ್ತು ಶುರುವಾಯಿತೆಂದರೆ ನಸುಕಿನಲ್ಲೇ ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೊರಡುತ್ತೇನೆ. ಆ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಹನುಮಸಾಗರದ ಕಡೆಗೋ ತಾವರಗೇರಾ ಕಡೆಗೋ ಹೋಗುವಾಗ, ಒಂದು ಮರದ ನೆರಳೂ ಇಲ್ಲದ ಎರೆಹೊಲಗಳ ನಡುವೆ ಟಯರ್ ಕುಳಿತುಬಿಟ್ಟರೆ ಇತ್ತ ಮಂಜುಗಡ್ಡೆ ಕರಗುತ್ತದೆ, ಅತ್ತ ಮುಂದಿನ ಊರಿನಲ್ಲಿ ರೈತರು ಹೊಲದ ಕೆಲಸ ಬಿಟ್ಟು ದನ ಕಟ್ಟಿಕೊಂಡು ಕಾಯುತ್ತಾರೆ. ಹೀಗಾಗಿ ಪಂಕ್ಚರ್ ಹಾಕುವುದನ್ನು ಹಟ ಹಿಡಿದು ಕಲಿತೆ. ಬೈಕು, ಕಾರು ಓಡಿಸುವವರೆಲ್ಲ ಕಲಿಯಬೇಕು ಎನ್ನುತ್ತೇನೆ.

ನಮ್ಮ ಭಾಗದಲ್ಲಿ ಗಾಳಿ ಹೋಗಲು ಮೊದಲ ಕಾರಣ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಪಾಳು ಹೊಲ, ರಸ್ತೆಯ ಇಕ್ಕೆಲ, ಎಲ್ಲಿ ನೋಡಿದರೂ ಅದೇ. ಹೊಲದ ಬೇಲಿಗೆ ಅದನ್ನೇ ಕಡಿದು ಎಳೆದೊಯ್ಯುತ್ತಾರೆ, ಇದ್ದಿಲು ಸುಡಲು ಟ್ರ್ಯಾಕ್ಟರಿನಲ್ಲಿ ಅದರ ಕಟ್ಟಿಗೆಯನ್ನೇ ಹೇರುತ್ತಾರೆ. ಹೋದ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಹಸಿ ಮುಳ್ಳು ಬಾಗಬಹುದು, ಒಣಗಿದ್ದು ನೇರ ಇಳಿಯುತ್ತದೆ. ಎರಡನೆಯದು ಎತ್ತಿನ ಲಾಳದ ಮೊಳೆ. ಸಂತೆಯ ದಿನ ಲಾಳ ಕಟ್ಟುವ ಜಾಗದ ಸುತ್ತ, ಊರಿನ ಅಗಸೆಬಾಗಿಲ ಹತ್ತಿರ ಇವು ಬಿದ್ದಿರುತ್ತವೆ. ಲಾಳ ಸಡಿಲವಾದ ಎತ್ತು ನಡೆದ ದಾರಿಯಲ್ಲೂ ಸಿಗುತ್ತವೆ. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ರಸ್ತೆಯಲ್ಲಿ ಹಳೆಯ ಟಯರ್ ಸುಟ್ಟ ಜಾಗದಲ್ಲಿ ರಬ್ಬರ್ ಬೂದಿಯಾಗಿ ಹೋದರೂ ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ಅಲ್ಲೇ ಉಳಿಯುತ್ತದೆ. ಪ್ರತಿಭಟನೆ ಮುಗಿದು ವಾರ ಕಳೆದ ಮೇಲೂ ಆ ಕಪ್ಪು ಕಲೆಯ ಮೇಲೆ ಗಾಡಿ ಹಾಯಿಸಬೇಡಿ. ಹತ್ತಿ, ತೊಗರಿ ಕೊಯ್ದ ಹೊಲದಲ್ಲಿ ಅಡ್ಡ ಹಾಯ್ದರೆ ಓರೆಯಾಗಿ ಕತ್ತರಿಸಿದ ಕೂಳೆ ಈಟಿಯಾಗಿ ನಿಂತಿರುತ್ತದೆ. ಸಂಡೂರು, ಹೊಸಪೇಟೆ, ತೋರಣಗಲ್ಲು ಸುತ್ತ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಬೋಲ್ಟು, ತುಂಡಾದ ಕಬ್ಬಿಣ ಸಿಗುತ್ತದೆ. ಅವು ರಸ್ತೆಯ ಅಂಚಿಗೆ ಸರಿದು ಕೂಡುವುದರಿಂದ ಅಂಚಿನಲ್ಲೇ ಓಡುವ ದ್ವಿಚಕ್ರ ವಾಹನಗಳಿಗೆ ಕಾಟ ಹೆಚ್ಚು.

ತಯಾರಿ ಗಾಳಿಯಿಂದಲೇ ಆರಂಭವಾಗುತ್ತದೆ. ಕಡಿಮೆ ಗಾಳಿಯ ಟಯರ್ ಉರುಳುವಾಗ ಅದರ ಮಗ್ಗುಲು ಮಡಚಿ ಮಡಚಿ ಬಿಸಿಯಾಗುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್‌-ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿಗೆ ರಸ್ತೆಯ ಕಾವೂ ಸೇರಿದರೆ ಟಯರ್ ಒಡೆಯಲು ಬೇರೆ ಕಾರಣ ಬೇಕಿಲ್ಲ. "ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಕಡಿಮೆ ಹಾಕಿಸಿ" ಎನ್ನುವವರು ಊರೂರಿಗೂ ಇದ್ದಾರೆ. ಅವರ ಮಾತು ಕೇಳಬೇಡಿ. ಗಾಡಿ ಓಡಿದಂತೆ ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಕಂಪನಿ ಕೊಟ್ಟ ಅಂಕಿ ಅದನ್ನು ಲೆಕ್ಕ ಹಿಡಿದೇ ಕೊಟ್ಟದ್ದು. ಬೆಳಿಗ್ಗೆ, ಟಯರ್ ತಣ್ಣಗಿರುವಾಗ ಅಳೆದು ಆ ಅಂಕಿಗೆ ಸರಿಯಾಗಿ ತುಂಬಿಸಿ. ಕಾರಿನಲ್ಲಿ ಅದು ಚಾಲಕನ ಬಾಗಿಲ ಚೌಕಟ್ಟಿನ ಮೇಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಇರುತ್ತದೆ, ಬೈಕಿನಲ್ಲಿ ಸಾಮಾನ್ಯವಾಗಿ ಚೈನಿನ ಕವರ್ ಮೇಲೆ ಅಂಟಿಸಿರುತ್ತಾರೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ, ಹೇರು ಕಟ್ಟಿದರೆ ಹಿಂದಿನ ಚಕ್ರಕ್ಕೆ ಹೆಚ್ಚು ಬೇಕು. ಆ ಅಂಕಿಯನ್ನೂ ಅಲ್ಲೇ ಬರೆದಿರುತ್ತಾರೆ.

ಟಯರಿನ ವಯಸ್ಸನ್ನೂ ನೋಡಿ. ಮಗ್ಗುಲಿನಲ್ಲಿ ಒಂದು ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗ್ರಿಪ್ಪಿನ ಗೆರೆಗಳ ತಳದಲ್ಲಿ ಸಣ್ಣ ದಿಬ್ಬಗಳಿವೆ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಟಯರಿನ ಆಯುಷ್ಯ ಮುಗಿಯಿತು. ಕಾರಿನ ಟಯರಿನಲ್ಲಿ ಅದರ ಎತ್ತರ 1.6 ಮಿಲಿಮೀಟರ್. ಸವೆದ ಟಯರಿಗೆ ಜಾಲಿಮುಳ್ಳು ದಾಟಬೇಕಾದ ರಬ್ಬರೇ ಉಳಿದಿರುವುದಿಲ್ಲ. ಹೊಸ ಟಯರಿನ ದುಡ್ಡು ಉಳಿಸಿದವರು ಅದನ್ನು ಪಂಕ್ಚರ್ ಅಂಗಡಿಗೆ ಕಂತಿನಲ್ಲಿ ಕಟ್ಟುತ್ತಾರೆ.

ಬೈಕಿನ ಸೀಟಿನ ಕೆಳಗೆ ಅಥವಾ ಬದಿಯ ಚೀಲದಲ್ಲಿ ನಾನು ಇಟ್ಟುಕೊಳ್ಳುವ ಸಾಮಾನು ಇಷ್ಟು: ಎರಡು ಟಯರ್ ಲಿವರ್, ಇಕ್ಕಳ, ಹಿಂದಿನ ಚಕ್ರದ ನಟ್ಟಿಗೆ ಹೊಂದುವ ಪಾನಾ, ಉಪ್ಪುಕಾಗದದ ತುಂಡು, ಸೊಲ್ಯೂಷನ್ ಎನ್ನುವ ತೇಪೆ ಅಂಟಿನ ಟ್ಯೂಬು, ನಾಲ್ಕಾರು ರೆಡಿಮೇಡ್ ತೇಪೆ, ವಾಲ್ವಿನ ಒಳಪಿನ್ ಬಿಚ್ಚುವ ಸಣ್ಣ ಕೀಲಿ, ಒಂದು ಹೆಚ್ಚುವರಿ ಪಿನ್, ಕಾಲಿನಿಂದ ಒತ್ತುವ ಗಾಳಿ ಪಂಪು, ದಬ್ಬಣ, ಹತ್ತಿಬಟ್ಟೆಯ ತುಂಡು, ಬಾಲ್‌ಪೆನ್ನು, ಎರಡು ಲೀಟರ್ ನೀರು. ದೂರದ ಊರಿಗೆ ಹೊರಟರೆ ಒಂದು ಹೊಸ ಟ್ಯೂಬನ್ನೂ ಮಡಚಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ವಾಲ್ವಿನ ಬುಡ ಹರಿದರೆ ತೇಪೆಯಿಂದ ಏನೂ ಆಗದು. ಟ್ಯೂಬ್‌ಲೆಸ್ ಗಾಡಿಯವರು ತೇಪೆಯ ಬದಲು ರಬ್ಬರ್ ಬತ್ತಿ ತುರುಕುವ ಸೆಟ್ ಕೊಂಡರೆ ಸಾಕು.

ಓಡುವಾಗ ಗಾಳಿ ಹೋದರೆ ಹಿಂದಿನ ಚಕ್ರ ಬಾಲ ಬೀಸಿದಂತೆ ಅತ್ತಿತ್ತ ತೂಗುತ್ತದೆ. ಮುಂದಿನದಾದರೆ ಹ್ಯಾಂಡಲ್ ಭಾರವಾಗಿ ಒಂದು ಕಡೆ ಎಳೆಯುತ್ತದೆ. ಬ್ರೇಕನ್ನು ಅಮುಕಬೇಡಿ. ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲನ್ನು ಎರಡೂ ಕೈಯಿಂದ ನೇರ ಹಿಡಿದು, ಗಾಡಿ ತಾನಾಗಿ ನಿಧಾನವಾಗಲು ಬಿಡಿ. ಕೊನೆಯಲ್ಲಿ ಬ್ರೇಕ್ ಬೇಕಾದರೆ ಗಾಳಿ ಇರುವ ಚಕ್ರದ್ದನ್ನು ಮೆಲ್ಲಗೆ ಹಿಡಿಯಿರಿ. ಕಾರಿನ ಟಯರ್ ಸಿಡಿದಾಗಲೂ ಇದೇ ಕ್ರಮ. ಗಾಬರಿಯಲ್ಲಿ ಬ್ರೇಕ್ ತುಳಿದು ಸ್ಟೇರಿಂಗ್ ತಿರುಗಿಸಿದರೆ ಗಾಡಿ ಉರುಳುತ್ತದೆ. ನಿಂತ ಮೇಲೆ "ಮುಂದಿನ ಊರು ಎರಡೇ ಕಿಲೋಮೀಟರ್" ಎಂದು ಖಾಲಿ ಟಯರಿನ ಮೇಲೆ ಓಡಿಸಬೇಡಿ. ರಿಮ್ಮು ಮತ್ತು ರಸ್ತೆಯ ನಡುವೆ ಸಿಕ್ಕ ಟ್ಯೂಬು ಚಿಂದಿಯಾಗುತ್ತದೆ, ಟ್ಯೂಬ್‌ಲೆಸ್ ಆದರೆ ಮಗ್ಗುಲು ಒಳಗಿಂದ ತಿಂದುಹೋಗುತ್ತದೆ. ಒಂದು ಮುಳ್ಳಿನ ಕೆಲಸ ಹೊಸ ಟಯರಿನ ಖರ್ಚಿಗೆ ಬಂದು ನಿಲ್ಲುತ್ತದೆ.

ಟ್ಯೂಬ್ ಇರುವ ಬೈಕಿಗೆ ದಾರಿಯಲ್ಲಿ ತೇಪೆ ಹಾಕಲು ಚಕ್ರವನ್ನೇ ಬಿಚ್ಚಬೇಕಾಗಿಲ್ಲ. ಗಟ್ಟಿ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಚಕ್ರವನ್ನು ನಿಧಾನ ತಿರುಗಿಸುತ್ತಾ ಮುಳ್ಳೋ ಮೊಳೆಯೋ ಕಂಡ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ವಾಲ್ವಿನ ಪಿನ್ ತೆಗೆದು ಉಳಿದ ಗಾಳಿಯನ್ನು ಪೂರ್ತಿ ಬಿಡಿ, ವಾಲ್ವಿನ ನಟ್ಟು ಬಿಚ್ಚಿ. ಈಗ ಟಯರಿನ ಒಂದು ಬದಿಯ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಲಿವರ್ ಹಾಕುವ ಜಾಗದ ಎದುರು ಬದಿಯ ಅಂಚು ಆ ತಗ್ಗಿನಲ್ಲಿ ಕುಳಿತಿದ್ದರೆ ಮಾತ್ರ ಈ ಬದಿಯಲ್ಲಿ ಸಡಿಲ ಸಿಗುತ್ತದೆ. ಇದು ಗೊತ್ತಿಲ್ಲದವರು ಬಲ ಹಾಕಿ ಲಿವರನ್ನೇ ಬಾಗಿಸುತ್ತಾರೆ. ಎರಡು ಲಿವರನ್ನು ಗೇಣು ಅಂತರದಲ್ಲಿ ತೂರಿಸಿ ಅಂಚನ್ನು ಹೊರಗೆಳೆಯಿರಿ. ಲಿವರಿನ ಮೂತಿ ತೀರ ಒಳಗೆ ಹೋಗಿ ಟ್ಯೂಬನ್ನು ಚಿವುಟದಿರಲಿ. ಒಂದು ಬದಿ ಪೂರ್ತಿ ಹೊರಬಂದ ಮೇಲೆ ಟ್ಯೂಬನ್ನು ಎಳೆಯಿರಿ. ಯಾವ ಮಗ್ಗುಲು ನಿಮ್ಮ ಕಡೆಗಿತ್ತು ಎಂಬುದನ್ನು ಪೆನ್ನಿನಿಂದ ಬರೆದಿಡಿ. ಈ ಗುರುತು ಮುಂದೆ ಕೆಲಸಕ್ಕೆ ಬರುತ್ತದೆ.

ಪಿನ್ ಹಾಕಿ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ. ಹತ್ತಿರದಲ್ಲಿ ದನಗಳ ನೀರಿನ ತೊಟ್ಟಿಯಿದ್ದರೆ ಮುಳುಗಿಸಿ ನೋಡಬಹುದು. ಇಲ್ಲವಾದರೆ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಸರಿಸುತ್ತಾ ಹೋಗಿ. ಬೆರಳಿಗೆ ತಿಳಿಯದ ಗಾಳಿ ತುಟಿಗೆ ತಿಳಿಯುತ್ತದೆ. ತೂತು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಉದ್ದನೆಯ ಮುಳ್ಳು ಟ್ಯೂಬಿನ ಒಂದು ಗೋಡೆ ದಾಟಿ ಎದುರಿನ ಗೋಡೆಯನ್ನೂ ಚುಚ್ಚಿರುತ್ತದೆ. ಒಂದೇ ದಾರಿಯಲ್ಲಿ ಎರಡು ಮೂರು ಮುಳ್ಳು ತುಳಿದಿರುವುದೂ ಉಂಟು. ಪೂರ್ತಿ ಸುತ್ತು ನೋಡಿ.

ಇನ್ನು ಮುಖ್ಯವಾದ ಮಾತು. ಒಮ್ಮೆ ಹೆದ್ದಾರಿಯ ಪಕ್ಕದ ಒಂದು ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿಕೊಂಡು ಹೊರಟೆ. ಸ್ವಲ್ಪ ದೂರದಲ್ಲೇ ಅದೇ ಚಕ್ರ ಮತ್ತೆ ಕುಳಿತಿತು. ಟ್ಯೂಬು ಬಿಚ್ಚಿದರೆ ಹಳೆಯ ತೇಪೆಯ ಪಕ್ಕದಲ್ಲೇ ಹೊಸ ತೂತು. ಕುರಿ ಹೊಡೆದುಕೊಂಡು ಬಂದ ಒಬ್ಬ ಹಿರಿಯರು ಕಂಬಳಿ ಸರಿಸಿಕೊಂಡು ಪಕ್ಕದಲ್ಲಿ ಕುಳಿತರು. ಟಯರನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಬಾಗಿಸಿ ಗ್ರಿಪ್ಪಿನ ಗೆರೆಯನ್ನು ಅಗಲಿಸಿ ತೋರಿಸಿದರು. "ನೋಡು ತಮ್ಮಾ, ಕುರಿಯ ಗೊರಸಿನಲ್ಲಿ ಮುಳ್ಳು ಬಿಟ್ಟು ಮೇಲೆ ಎಣ್ಣೆ ಹಚ್ಚಿದರೆ ಅದು ನಡೆಯುತ್ತದೆಯೇ?" ಎಂದರು. ರಬ್ಬರಿನ ಮಟ್ಟಕ್ಕೇ ಮುರಿದಿದ್ದ ಜಾಲಿಮುಳ್ಳು ಹೊರಗಿನಿಂದ ಒಂದು ಕಂದು ಚುಕ್ಕೆಯಾಗಿ ಕಾಣುತ್ತಿತ್ತು, ಅಷ್ಟೇ. ಒಳಗೆ ಅಕ್ಕಿಕಾಳಿನ ಅರ್ಧದಷ್ಟು ಮೊನೆ ಚಾಚಿತ್ತು. ಟಯರಿಗೆ ಗಾಳಿ ತುಂಬಿ ಮೇಲೆ ಭಾರ ಬೀಳುವ ತನಕ ಅದು ಟ್ಯೂಬನ್ನು ಮುಟ್ಟುವುದಿಲ್ಲ. ಅಂಗಡಿಯಲ್ಲಿ ತೊಟ್ಟಿಗೆ ಮುಳುಗಿಸಿ ಪರೀಕ್ಷಿಸಿದಾಗ ಟ್ಯೂಬು ಸರಿಯಾಗಿ ಕಂಡದ್ದಕ್ಕೆ ಇದೇ ಕಾರಣ.

ಆದ್ದರಿಂದ ತೇಪೆಗೆ ಮುಂಚೆ ಮುಳ್ಳು ಹುಡುಕಿ. ತೂತು ಬಿದ್ದ ಟ್ಯೂಬನ್ನು, ಬರೆದಿಟ್ಟ ಗುರುತಿನ ಬದಿ ನಿಮ್ಮತ್ತ ಇರುವಂತೆ, ವಾಲ್ವನ್ನು ರಿಮ್ಮಿನ ತೂತಿನ ನೇರಕ್ಕೆ ಹಿಡಿದು ಟಯರಿನ ಮೇಲೆ ಇಟ್ಟು ನೋಡಿ. ಟ್ಯೂಬಿನ ತೂತು ಎಲ್ಲಿ ಬರುತ್ತದೋ ಟಯರಿನ ಒಳಗೆ ಅಲ್ಲೇ ಆಸುಪಾಸಿನಲ್ಲಿ ಮುಳ್ಳಿರುತ್ತದೆ. ಮೊದಲು ಹತ್ತಿಬಟ್ಟೆಯನ್ನು ಒಳಗೆ ಸುತ್ತಲೂ ಒರೆಸುತ್ತಾ ಬನ್ನಿ. ಮೊನೆಯಿರುವ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯನ್ನು ರಭಸದಿಂದ ಎಳೆದಾಡಬೇಡಿ, ತಂತಿಯಾಗಿದ್ದರೆ ಬೆರಳು ಸೀಳುತ್ತದೆ. ಜಾಗ ಗೊತ್ತಾದ ಮೇಲೆ ಹೊರಗಿನಿಂದ ದಬ್ಬಣದಲ್ಲಿ ಒತ್ತಿ ಮೊನೆಯನ್ನು ಒಳಕ್ಕೆ ದಾಟಿಸಿ, ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಹೊರಬಂದ ತುಂಡನ್ನು ಅಂಗೈ ಮೇಲಿಟ್ಟು ತುದಿ ನೋಡಿ. ಚೂಪು ತುದಿ ಇದ್ದರೆ ಪೂರ್ತಿ ಬಂದಿದೆ; ಎರಡೂ ಕಡೆ ಮೊಂಡಾಗಿದ್ದರೆ ಮೊನೆ ಇನ್ನೂ ಒಳಗಿದೆ. ರಿಮ್ಮಿನ ಕಡೆಯಿಂದ ಮಾತ್ರ ತೂತಾಗಿದ್ದರೆ ಮುಳ್ಳಿನ ಮೇಲೆ ಅನುಮಾನ ಬೇಡ, ಕಡ್ಡಿಗಳ ತಲೆಯನ್ನು ಮುಚ್ಚುವ ರಬ್ಬರ್ ಪಟ್ಟಿ ಸರಿದಿದೆಯೇ ನೋಡಿ.

ತೇಪೆಯ ಕೆಲಸದಲ್ಲಿ ಬೇಕಾದದ್ದು ತಾಳ್ಮೆ. ತೇಪೆಗಿಂತ ಸ್ವಲ್ಪ ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿ, ಟ್ಯೂಬಿನ ಹೊಳಪು ಹೋಗಬೇಕು. ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಹಸಿಯಿರುವಾಗಲೇ ತೇಪೆ ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು. ಬೆರಳ ಹಿಂಭಾಗ ತಾಗಿಸಿದರೆ ಮೆತ್ತಿಕೊಳ್ಳಬಾರದು, ಅಷ್ಟು ಒಣಗಲಿ. ಬೇಸಿಗೆಯಲ್ಲಿ ಎರಡು ಮೂರು ನಿಮಿಷ, ಮಳೆಗಾಲದಲ್ಲಿ ಐದು ನಿಮಿಷಕ್ಕೂ ಹೆಚ್ಚು. ಬಾಯಿಂದ ಊದಿ ಒಣಗಿಸಬೇಡಿ, ಉಸಿರಿನ ತೇವ ಕೂರುತ್ತದೆ. ಆಮೇಲೆ ತೇಪೆಯ ಹಾಳೆ ಸುಲಿದು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ, ಪಾನಾದ ಹಿಡಿಯಿಂದ ಗಟ್ಟಿಯಾಗಿ ಉಜ್ಜಿ. ಟ್ಯೂಬು ಟಯರಿಗೆ ಅಂಟದಂತೆ ಸ್ವಲ್ಪ ಪೌಡರ್ ಉದುರಿಸಬಹುದು. ಎಷ್ಟೋ ಜನ ರಸ್ತೆಯ ಮಣ್ಣನ್ನೇ ಉದುರಿಸುತ್ತಾರೆ. ಅದರಲ್ಲಿರುವ ಮರಳು ಒಳಗೆ ಉಜ್ಜಿ ಉಜ್ಜಿ ಹೊಸ ತೂತು ಮಾಡುತ್ತದೆ.

ಮತ್ತೆ ಜೋಡಿಸುವಾಗ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಇರಲಿ. ವಾಲ್ವನ್ನು ನೇರ ನಿಲ್ಲಿಸಿ, ಅಂಚನ್ನು ವಾಲ್ವಿನ ಎದುರು ಬದಿಯಿಂದ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಸಾಧ್ಯವಾದಷ್ಟು ಕೈಯಿಂದಲೇ ಒತ್ತಿ, ಕೊನೆಯ ಗೇಣಿಗೆ ಮಾತ್ರ ಲಿವರ್ ಹಿಡಿಯಿರಿ. ವಾಲ್ವನ್ನು ಒಮ್ಮೆ ಒಳಗೊತ್ತಿ ಬಿಟ್ಟರೆ ಅಂಚಿನ ಕೆಳಗೆ ಸಿಕ್ಕ ಟ್ಯೂಬು ಬಿಡಿಸಿಕೊಳ್ಳುತ್ತದೆ. ಅರ್ಧ ಗಾಳಿ ತುಂಬಿ ನಿಲ್ಲಿಸಿ. ರಿಮ್ಮಿನ ಪಕ್ಕದಲ್ಲಿ ಟಯರಿನ ಮೇಲೆ ಓಡುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಂಡರೆ ಸರಿಯಾಗಿ ಕುಳಿತಿದೆ. ಆಮೇಲೆ ಪೂರ್ತಿ ತುಂಬಿ.

ಟ್ಯೂಬ್‌ಲೆಸ್ ಟಯರಿನದು ಸುಲಭ. ಚುಚ್ಚಿದ ಮೊಳೆಯನ್ನು ಕಂಡ ಕೂಡಲೇ ಕೀಳಬೇಡಿ. ಗಾಳಿ ನಿಧಾನವಾಗಿ ಸೋರುತ್ತಿದ್ದರೆ, ಅಂಗಡಿ ಹತ್ತಿರವಿದ್ದರೆ, ಗಾಳಿ ತುಂಬಿಕೊಂಡು ಮೊಳೆ ಸಮೇತ ನಿಧಾನ ಹೋಗುವುದೇ ಲೇಸು. ನೀವೇ ಮಾಡುವುದಾದರೆ ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿ, ಅದೇ ಓರೆಯಲ್ಲಿ ಎಳೆದು, ಅದೇ ಓರೆಯಲ್ಲಿ ಅರದಂಥ ಸಲಕರಣೆಯನ್ನು ಹಲವು ಸಲ ಒಳಗೆ ಹೊರಗೆ ಆಡಿಸಿ. ಬತ್ತಿಯನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಪೋಣಿಸಿ, ಸೊಲ್ಯೂಷನ್ ಸವರಿ, ಎರಡೂ ತುದಿ ಒಂದೂವರೆ ಸೆಂಟಿಮೀಟರ್ ಹೊರಗುಳಿಯುವಷ್ಟು ಒಳಗೊತ್ತಿ, ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ. ಗಾಳಿ ತುಂಬಿ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಬರದಿದ್ದರೆ ಮುಗಿಯಿತು. ಇದೆಲ್ಲ ಗ್ರಿಪ್ಪಿನ ಭಾಗಕ್ಕೆ ಮಾತ್ರ. ಮಗ್ಗುಲಿಗೆ ತೂತು ಬಿದ್ದರೆ ಬತ್ತಿ ಹಾಕಬೇಡಿ, ಯಾರಾದರೂ ಹಾಕುತ್ತೇನೆಂದರೂ ಒಪ್ಪಬೇಡಿ. ಅಲ್ಲಿ ರಬ್ಬರ್ ಪ್ರತಿ ಸುತ್ತಿಗೂ ಮಡಚುತ್ತದೆ, ಬತ್ತಿ ನಿಲ್ಲುವುದಿಲ್ಲ.

ಕಾರಿನವರಿಗೆ ಸ್ಟೆಪ್ನಿ ಇದೆ, ಆದರೆ ಅದರ ಗಾಳಿ ನೋಡಿದವರು ವಿರಳ. ನಾಲ್ಕು ಚಕ್ರಕ್ಕೆ ಗಾಳಿ ಹಾಕಿಸುವಾಗ ಡಿಕ್ಕಿ ತೆರೆದು ಐದನೆಯದಕ್ಕೂ ಹಾಕಿಸಿ. ಚಕ್ರ ಬದಲಿಸುವ ಕ್ರಮ ಹೇಳಿಕೊಡುವವರು ಬಹಳ, ಎರೆ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ ಎಂದು ಹೇಳುವವರಿಲ್ಲ. ಸಿಂಧನೂರು, ಸಿರುಗುಪ್ಪ, ಕಾರಟಗಿಯ ಗದ್ದೆ ಬಯಲಿನಲ್ಲಿ ಡಾಂಬರು ಬಿಟ್ಟು ಒಂದಡಿ ಕೆಳಗಿಳಿದರೆ ಕಪ್ಪು ಮಣ್ಣು. ಮಳೆ ಬಿದ್ದಿದ್ದರಂತೂ ಕಾರು ಏಳುವ ಬದಲು ಜಾಕ್ ಇಳಿಯುತ್ತದೆ. ಒಂದಡಿ ಚೌಕದ, ಒಂದಂಗುಲ ದಪ್ಪದ ಗಟ್ಟಿ ಹಲಗೆಯನ್ನು ಡಿಕ್ಕಿಯಲ್ಲಿ ಹಾಕಿಟ್ಟಿರಿ. ಫರ್ಸಿ ಕಲ್ಲಿನ ಚೂರು ಬೇಡ, ಭಾರಕ್ಕೆ ಸೀಳಿ ಜಾಕ್ ಜಾರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿ, ಜಾಕಿನ ಪಕ್ಕ ಮಲಗಿಸಿಡಿ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ನಟ್ಟುಗಳನ್ನು ಒಂದರ ಪಕ್ಕದ್ದನ್ನು ಬಿಟ್ಟು ಎದುರಿನದ್ದು ಎಂಬಂತೆ ಬಿಗಿಯಿರಿ. ಕಾರು ಇಳಿಸಿದ ಮೇಲೆ ಇನ್ನೊಮ್ಮೆ, ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಸ್ಟೆಪ್ನಿ ಬೇರೆ ಚಕ್ರಗಳಿಗಿಂತ ಸಪೂರವಾಗಿದ್ದರೆ ಅದರ ಮೇಲೆ ಬರೆದ ವೇಗ ಮೀರಬೇಡಿ, ಸಾಮಾನ್ಯವಾಗಿ ಅದು ಗಂಟೆಗೆ 80 ಕಿಲೋಮೀಟರ್.

ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಪಂಕ್ಚರ್ ಆದರೆ ಟಯರಿಗಿಂತ ಮೊದಲು ಜೀವ ನೋಡಿ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂಲಕ ಹೋಗುವ 67ನೇ ಹೆದ್ದಾರಿಯಲ್ಲಾಗಲಿ, ಕುಷ್ಟಗಿ ಮೂಲಕ ಹೋಗುವ 50ನೇ ಹೆದ್ದಾರಿಯಲ್ಲಾಗಲಿ ರಾತ್ರಿ ಲಾರಿಗಳ ಓಟ ಜೋರು. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಐವತ್ತು ಹೆಜ್ಜೆಗೂ ಹೆಚ್ಚು ಹಿಂದೆ ಇಡಿ, ಮನೆಯವರನ್ನು ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಟ್ರಾಫಿಕ್ ಕಡೆಯ ಚಕ್ರವಾಗಿದ್ದರೆ ಅಲ್ಲೇ ಬಗ್ಗಿ ಕೂರಬೇಡಿ, ರಿಮ್ಮು ಹಾಳಾದರೂ ಸರಿ, ಹತ್ತಿರದ ಅಗಲ ಜಾಗಕ್ಕೆ ನಡಿಗೆಯ ವೇಗದಲ್ಲಿ ಸರಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ, ಅಪಾಯವೆನಿಸಿದರೆ 112. ಎಚ್ಚರಿಕೆಗೆಂದು ರಸ್ತೆಯ ಮೇಲೆ ಕಲ್ಲಿಟ್ಟು, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟು ಹೋಗುವ ಚಾಳಿ ನನಗೆ ನೋವು ಕೊಡುತ್ತದೆ. ಹಿಂದಿನಿಂದ ಬರುವ ಬೈಕಿನವನಿಗೆ ಆ ಕಲ್ಲು ಕಾಣುವುದಿಲ್ಲ. ಇಟ್ಟವರೇ ತೆಗೆಯಿರಿ.

ದಾರಿಯಲ್ಲಿ ಏನೂ ಬಗೆಹರಿಯದಿದ್ದರೆ ಬೈಕನ್ನು ತಳ್ಳಿಕೊಂಡು ಹೋಗುವ ಬದಲು ಹತ್ತಿರದ ಹೊಲದ ಮನೆಯಲ್ಲಿ ನಿಲ್ಲಿಸಿ, ಚಕ್ರವೊಂದನ್ನೇ ಬಿಚ್ಚಿ ಬಂದವರ ಬೈಕಿನಲ್ಲೋ ಬಸ್ಸಿನಲ್ಲೋ ಅಂಗಡಿಗೆ ಒಯ್ಯಿರಿ. ನಮ್ಮ ಕಡೆ "ಅಣ್ಣಾ, ಇದೊಂದನ್ನು ಊರಿಗೆ ಮುಟ್ಟಿಸುತ್ತೀರಾ?" ಎಂದರೆ ಬೇಡ ಎನ್ನುವವರನ್ನು ನಾನು ಕಂಡಿಲ್ಲ.

ದಾರಿಯ ತೇಪೆಯನ್ನು ಕಾಯಂ ಎಂದುಕೊಳ್ಳಬೇಡಿ. ಮರುದಿನ ಅಂಗಡಿಯಲ್ಲಿ ಬಿಸಿ ಅಚ್ಚಿನಲ್ಲಿ ಒತ್ತುವ ತೇಪೆ ಹಾಕಿಸಿ, ನಮ್ಮ ಬಿಸಿಲಿಗೆ ಅದೇ ಬಾಳಿಕೆ. ಟಯರನ್ನು ಒಳಗಿನಿಂದ ನಿಮ್ಮ ಕಣ್ಣೆದುರೇ ಸವರಿಸಿ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಒಳಗೇ ಒಣಗುತ್ತದೆ; ಬಳಸಿದ ಮೇಲೆ ಹೊಸದನ್ನು ಕೊಂಡು ಚೀಲಕ್ಕೆ ಹಾಕಿ, ಹಳೆಯದನ್ನು ಎಸೆಯಿರಿ.